ಒಡವೆಗೆ ಬೆಲೆ ಕಟ್ಟಿಸಲು ಯಾರ ಬಳಿ ಹೋಗಬೇಕು? ತುಮಕೂರಿನವರಿಗೆ ಇರುವ ದಾರಿಗಳ ಹೋಲಿಕೆ

ಅಮ್ಮ ತೀರಿಕೊಂಡ ಮರುವರ್ಷ ನಾವು ಮೂವರು ಒಡಹುಟ್ಟಿದವರು ಅವರ ಒಡವೆಗಳನ್ನು ಹಂಚಿಕೊಳ್ಳಲು ಕುಳಿತಾಗ, ಕೆಂಪು ಕಲ್ಲಿನ ಒಂದು ಅಡ್ಡಿಗೆಯ ಬೆಲೆ ಎಷ್ಟು ಎಂಬ ಪ್ರಶ್ನೆಗೆ ತುಮಕೂರಿನಲ್ಲಿಯೇ, ಒಂದೇ ದಿನದಲ್ಲಿ, ಮೂರು ಉತ್ತರಗಳು ಸಿಕ್ಕವು. ಒಟ್ಟು ತೂಕ ಮೂರು ಕಡೆಯೂ 48.6 ಗ್ರಾಂ ಬಂತು, ಅದರಲ್ಲಿ ವ್ಯತ್ಯಾಸವಿರಲಿಲ್ಲ. ಆದರೆ ಹಳೆಯ ಚಿನ್ನವನ್ನು ಹಣ ಕೊಟ್ಟು ಕೊಳ್ಳುವ ಒಂದು ಅಂಗಡಿಯವರು ಕಲ್ಲು ಮತ್ತು ಅರಗಿಗೆಂದು 9 ಗ್ರಾಂ ಕಳೆದು, ಚಿನ್ನ 80 ಟಚ್, ಅಂದರೆ ನೂರರಲ್ಲಿ 80 ಪಾಲು ಶುದ್ಧ, ಎಂದರು. ಒತ್ತೆಯ ಒಡವೆಗೆ ಬೆಲೆ ಕಟ್ಟುವ ಬ್ಯಾಂಕಿನ ಅಪ್ರೈಸರ್ 7 ಗ್ರಾಂ ಕಳೆದು 83 ಎಂದರು. ಹಳೆಯದನ್ನು ಕೊಟ್ಟು ಹೊಸದನ್ನು ಕೊಳ್ಳಿ ಎಂದು ಕರೆಯುತ್ತಿದ್ದ ಮತ್ತೊಂದು ಅಂಗಡಿಯವರು 5 ಗ್ರಾಂ ಮಾತ್ರ ಕಳೆದು 86 ಎಂದರು. ಶುದ್ಧ ಚಿನ್ನದ ಲೆಕ್ಕಕ್ಕೆ ಇಳಿಸಿದರೆ ಮೊದಲನೆಯದು ಸುಮಾರು 31.7 ಗ್ರಾಂ, ಎರಡನೆಯದು 34.5 ಗ್ರಾಂ, ಮೂರನೆಯದು 37.5 ಗ್ರಾಂ ಆಗುತ್ತದೆ. ಲೆಕ್ಕ ಸುಲಭವಾಗಲೆಂದು ಶುದ್ಧ ಚಿನ್ನದ ದರವನ್ನು ಗ್ರಾಂಗೆ 10,000 ರೂಪಾಯಿ ಎಂದಿಟ್ಟುಕೊಂಡರೂ, ಮೊದಲ ಮತ್ತು ಕೊನೆಯ ಉತ್ತರದ ನಡುವೆ 58,000 ರೂಪಾಯಿಯ ಅಂತರವಿತ್ತು.

ಅಂದು ಮನೆಗೆ ಬಂದು ಕುಳಿತಾಗ ಯಾರೋ ಮೋಸ ಮಾಡಿದ್ದಾರೆಂದೇ ನಮಗೆಲ್ಲ ಅನ್ನಿಸಿತ್ತು. ಆಮೇಲೆ ವಿಚಾರಿಸುತ್ತ ಹೋದಂತೆ ತಿಳಿದದ್ದು ಬೇರೆ. ಮೂವರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಟ್ಟಿದ್ದರು: ಒಬ್ಬರು ‘ಇದನ್ನು ಎಷ್ಟಕ್ಕೆ ಕೊಂಡರೆ ನಮಗೆ ನಷ್ಟವಿಲ್ಲ’ ಎಂಬುದಕ್ಕೆ, ಇನ್ನೊಬ್ಬರು ‘ಸಾಲ ತೀರದಿದ್ದರೆ ಇದರಿಂದ ಖಂಡಿತ ಎಷ್ಟು ಹುಟ್ಟುತ್ತದೆ’ ಎಂಬುದಕ್ಕೆ, ಮತ್ತೊಬ್ಬರು ‘ಎಷ್ಟು ಹೇಳಿದರೆ ಇವರು ನಮ್ಮಲ್ಲಿಯೇ ಹೊಸ ಒಡವೆ ಕೊಳ್ಳುತ್ತಾರೆ’ ಎಂಬುದಕ್ಕೆ. ನಾವು ಕೇಳಬೇಕಿದ್ದ ‘ಮೂರು ಪಾಲು ಮಾಡಲು ಇದರ ನ್ಯಾಯವಾದ ಬೆಲೆ ಎಷ್ಟು’ ಎಂಬ ಪ್ರಶ್ನೆಯನ್ನು ನಾವು ಯಾರ ಬಳಿಯೂ ಕೇಳಿರಲೇ ಇಲ್ಲ. ಅಂದಿನಿಂದ ಗುಬ್ಬಿ, ತಿಪಟೂರು, ಪಾವಗಡದ ಕಡೆಯ ಪರಿಚಯದವರು ‘ಒಡವೆಗೆ ಬೆಲೆ ಎಲ್ಲಿ ಕಟ್ಟಿಸಬೇಕು’ ಎಂದು ಕೇಳಿದಾಗಲೆಲ್ಲ ನಾನು ಮೊದಲು ಕೇಳುವುದು ‘ಏತಕ್ಕಾಗಿ’ ಎಂದು.

ಏತಕ್ಕಾಗಿ ಎಂಬುದನ್ನು ಅವಲಂಬಿಸಿ ಒಂದೇ ಒಡವೆಗೆ ಕನಿಷ್ಠ ಮೂರು ಬಗೆಯ ಬೆಲೆ ಇರುತ್ತದೆ. ಅದನ್ನು ಕರಗಿಸಿದರೆ ಸಿಗುವ ಲೋಹದ ಬೆಲೆ ಒಂದು. ಸಾಲ ಕೊಡುವವರೂ ಹಳೆ ಚಿನ್ನ ಕೊಳ್ಳುವವರೂ ನೋಡುವುದು ಇದನ್ನೇ. ಕೊಳ್ಳುವ ಅವಸರವಾಗಲಿ ಮಾರುವ ಅವಸರವಾಗಲಿ ಇಲ್ಲದ ಇಬ್ಬರ ನಡುವೆ ಒಪ್ಪಿಗೆಯಾಗಬಹುದಾದ ನ್ಯಾಯಯುತ ಮಾರುಕಟ್ಟೆ ಬೆಲೆ ಇನ್ನೊಂದು. ಭಾಗ ಮಾಡುವಾಗಲೂ ತೆರಿಗೆಯ ಲೆಕ್ಕಕ್ಕೂ ಬೇಕಾದದ್ದು ಇದು. ಕಳೆದುಹೋದರೆ ಅಂಥದ್ದನ್ನೇ ಇಂದು ಮತ್ತೆ ಮಾಡಿಸಲು ತಗಲುವ ವೆಚ್ಚ ಮೂರನೆಯದು. ವಿಮೆಗೆ ಬೇಕಾಗುವ ಈ ಬೆಲೆಯಲ್ಲಿ ಕೂಲಿ, ವೇಸ್ಟೇಜ್, ಕಲ್ಲಿನ ಬೆಲೆ, 3% ಜಿಎಸ್‌ಟಿ ಎಲ್ಲವೂ ಸೇರುವುದರಿಂದ ಮೂರರಲ್ಲಿ ಇದೇ ದೊಡ್ಡದಾಗಿರುತ್ತದೆ. ವಿಮೆಗೆಂದು ಬರೆಸಿದ ಚೀಟಿಯನ್ನು ಹಿಡಿದು ಮಾರಲು ಹೋದವರು ನಿರಾಶರಾಗಿ ಬರುವುದೂ, ಬ್ಯಾಂಕಿನ ಚೀಟಿಯನ್ನೇ ನೆಚ್ಚಿ ವಿಮೆ ಮಾಡಿಸಿದವರು ಕಡಿಮೆ ಮೊತ್ತಕ್ಕೆ ಸಿಕ್ಕಿಕೊಳ್ಳುವುದೂ ಈ ವ್ಯತ್ಯಾಸ ತಿಳಿಯದೆ ಆಗುವ ತೊಂದರೆಗಳು.

ಅಳತೆಗೋಲುಗಳು

ಎಲ್ಲಿಗೆ ಹೋದರೂ ನಾನು ಮೊದಲು ನೋಡುವುದು, ಬೆಲೆ ಹೇಳುವವರಿಗೆ ಆ ಒಡವೆಯಲ್ಲಿ ತಮ್ಮದೇ ಲಾಭವಿದೆಯೇ ಎಂಬುದನ್ನು. ಉಳಿದ ಅಳತೆಗೋಲುಗಳೆಲ್ಲ ಇದಕ್ಕಿಂತ ಕೆಳಗಿನವು ಎಂಬುದು ನನ್ನ ಖಚಿತ ಅಭಿಪ್ರಾಯ. ಆಮೇಲೆ ಅವರು ತೂಕ, ಶುದ್ಧತೆ, ಕಲ್ಲು ಈ ಮೂರರಲ್ಲಿ ಯಾವುದನ್ನು ನಿಜವಾಗಿ ಪರೀಕ್ಷಿಸುತ್ತಾರೆ, ಯಾವುದನ್ನು ಅಂದಾಜಿಸುತ್ತಾರೆ ಎಂಬುದು; ಪರೀಕ್ಷೆಯಿಂದ ಒಡವೆಗೆ ಗಾಯವಾಗುತ್ತದೆಯೇ ಎಂಬುದು; ಕೊನೆಗೆ ಕೈಗೆ ಸಿಗುವ ಕಾಗದಕ್ಕೆ ಬ್ಯಾಂಕು, ವಿಮಾ ಕಂಪನಿ, ತೆರಿಗೆ ಇಲಾಖೆ, ನ್ಯಾಯಾಲಯ ಇವುಗಳಲ್ಲಿ ಎಲ್ಲೆಲ್ಲಿ ಬೆಲೆಯಿದೆ ಎಂಬುದು. ಖರ್ಚು ಮತ್ತು ಓಡಾಟವನ್ನು ಕೊನೆಯಲ್ಲಿ ಇಟ್ಟಿದ್ದೇನೆ. ಬೆಂಗಳೂರು ನಮಗೆ 70 ಕಿಲೋಮೀಟರ್ ದೂರವಷ್ಟೇ ನಿಜ, ಆದರೆ ಮನೆಯ ಒಡವೆಯನ್ನೆಲ್ಲ ಚೀಲದಲ್ಲಿಟ್ಟುಕೊಂಡು ರೈಲು ಹತ್ತುವುದು ಸುಲಭದ ಮಾತಲ್ಲ.

ಶುದ್ಧತೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ಸರಿಪಡಿಸಿಕೊಳ್ಳಬೇಕು. ‘ನಮ್ಮದು ಕೆಡಿಎಂ ಚಿನ್ನ, ಅದಕ್ಕೆ ಪರೀಕ್ಷೆ ಬೇಕಿಲ್ಲ’ ಎನ್ನುವವರು ನಮ್ಮ ಜಿಲ್ಲೆಯಲ್ಲಿ ಇಂದಿಗೂ ಬಹಳ ಜನ ಇದ್ದಾರೆ. ಕೆಡಿಎಂ ಎಂಬುದು ಕ್ಯಾಡ್ಮಿಯಂ ಬೆರೆಸಿದ ಬೆಸುಗೆಯಿಂದ ಬಂದ ಹೆಸರೇ ಹೊರತು ಶುದ್ಧತೆಯ ದರ್ಜೆಯಲ್ಲ. ಆ ಬೆಸುಗೆಯ ಹೊಗೆ ಅಕ್ಕಸಾಲಿಗರ ಶ್ವಾಸಕೋಶಕ್ಕೆ ವಿಷವಾದ್ದರಿಂದ ಅದರ ಬಳಕೆಯೇ ನಿಂತಿದೆ. ಒಡವೆಯ ಮೇಲೆ ಅಂಗಡಿಯವರು ಒತ್ತಿದ ಕೆಡಿಎಂ ಮುದ್ರೆ ಅಂಗಡಿಯವರ ಮಾತಷ್ಟೇ. ಸರ್ಕಾರದ ಮಾತು ಎಂದರೆ ಹಾಲ್‌ಮಾರ್ಕ್: 2021ರ ಜುಲೈ 1ರಿಂದ ಅದರಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಚಿಹ್ನೆ, 22ಕೆ916 (22 ಕ್ಯಾರೆಟ್, ಅಂದರೆ 91.6% ಚಿನ್ನ) ಎಂಬಂಥ ಶುದ್ಧತೆಯ ಗುರುತು, ಮತ್ತು ಆ ಒಂದು ಒಡವೆಗೆ ಮಾತ್ರ ಸೇರಿದ, ಅಕ್ಷರ ಅಂಕಿಗಳು ಕೂಡಿದ ಆರು ಸ್ಥಾನಗಳ ಗುರುತು ಸಂಖ್ಯೆಯಾದ ಎಚ್‌ಯುಐಡಿ ಇರುತ್ತವೆ. ಅದಕ್ಕೆ ಹಿಂದಿನ ಒಡವೆಗಳಲ್ಲಿ ಎಚ್‌ಯುಐಡಿ ಇರುವುದಿಲ್ಲ. ಹಳೆಯ ಹಾಲ್‌ಮಾರ್ಕ್‌ನಲ್ಲಿ ಅದರ ಬದಲಿಗೆ ಪರೀಕ್ಷಾ ಕೇಂದ್ರದ ಮತ್ತು ಅಂಗಡಿಯ ಗುರುತುಗಳಿರುತ್ತವೆ. ಎಚ್‌ಯುಐಡಿ ಇದ್ದರೆ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿ ಶುದ್ಧತೆಯನ್ನು ನೀವೇ ಮನೆಯಲ್ಲಿ ಕುಳಿತು ತಾಳೆ ನೋಡಬಹುದು, ಶುದ್ಧತೆಯ ಪರೀಕ್ಷೆಗೆಂದು ಪುನಃ ಹಣ ಕೊಡಬೇಕಿಲ್ಲ. ಆದರೆ ಅದು ಹೇಳುವುದು ಚಿನ್ನದ ಶುದ್ಧತೆಯನ್ನು ಮಾತ್ರ. ಕಲ್ಲು ಎಂಥದ್ದು, ಒಡವೆಯ ಒಟ್ಟು ಬೆಲೆ ಎಷ್ಟು ಎಂಬುದು ಅದರಿಂದ ತಿಳಿಯುವುದಿಲ್ಲ. 2 ಗ್ರಾಂಗಿಂತ ಕಡಿಮೆ ತೂಕದವಕ್ಕೂ ಕುಂದನ್, ಪೋಲ್ಕಿ, ಜಡಾವು ಎಂಬ ಕಲ್ಲು ಕೂರಿಸುವ ಕೆಲಸದವಕ್ಕೂ ಹಾಲ್‌ಮಾರ್ಕ್ ಕಡ್ಡಾಯವಲ್ಲ ಎಂಬುದೂ ನೆನಪಿರಲಿ.

ಒಡವೆ ಅಂಗಡಿ ಮತ್ತು ಅಕ್ಕಸಾಲಿಗರು

ಎಂ.ಜಿ. ರಸ್ತೆಗೋ ಚಿಕ್ಕಪೇಟೆಗೋ ಹೋಗಿ ಅಂಗಡಿಯಲ್ಲಿ ಕೇಳುವುದು ಎಲ್ಲರಿಗೂ ಮೊದಲು ತೋಚುವ ದಾರಿ. ಸಾಮಾನ್ಯವಾಗಿ ಖರ್ಚಿಲ್ಲ, ಹತ್ತು ನಿಮಿಷದ ಕೆಲಸ, ದೊಡ್ಡ ಮಳಿಗೆಗಳಲ್ಲಿ ಶುದ್ಧತೆ ಅಳೆಯುವ ಯಂತ್ರವಾದ ಕ್ಯಾರೆಟ್ ಮೀಟರ್ ಕೂಡ ಇರುತ್ತದೆ. ನೀವು ಒಡವೆಯನ್ನು ಅದೇ ಅಂಗಡಿಗೆ ಮಾರುವುದು ಅಥವಾ ಬದಲಿಸಿಕೊಳ್ಳುವುದು ಖಚಿತವಾಗಿದ್ದರೆ, ಅವರು ಹೇಳುವ ಬೆಲೆಯೇ ನಿಮಗೆ ಸಿಗುವ ಬೆಲೆಯಾದ್ದರಿಂದ, ಎರಡು ಮೂರು ಅಂಗಡಿ ಸುತ್ತುವುದೇ ಸಾಕು. ಆದರೆ ವಿನಿಮಯದ ಬೆಲೆಯನ್ನು ನಗದಿನ ಬೆಲೆಯೊಡನೆ ಹೋಲಿಸಬಾರದು. ಹಳೆಯದಕ್ಕೆ ಧಾರಾಳವಾಗಿ ಕೊಟ್ಟದ್ದನ್ನು ಹೊಸದರ ಕೂಲಿ ಮತ್ತು ವೇಸ್ಟೇಜ್‌ನಲ್ಲಿ ಹಿಂದಕ್ಕೆ ಪಡೆಯಲು ಅವಕಾಶವಿರುವುದರಿಂದ, ಹೊಸ ಒಡವೆಯ ಪೂರ್ತಿ ಲೆಕ್ಕವನ್ನು ಬರೆಸಿಕೊಂಡ ಮೇಲೆಯೇ ಅದು ಲಾಭವೋ ಅಲ್ಲವೋ ಎಂದು ಹೇಳಲು ಸಾಧ್ಯ.

ನಮ್ಮ ಅಜ್ಜಿಯ ಕಾಲದಿಂದ ಮನೆಯ ಒಡವೆಗಳನ್ನು ಮಾಡಿಕೊಡುತ್ತಿದ್ದ ಆಚಾರ್ರು ಇದ್ದರೆ, ಅವರನ್ನು ಕೇಳುವುದರಲ್ಲಿ ಅಂಗಡಿಯಲ್ಲಿ ಸಿಗದ ಒಂದು ಲಾಭವಿದೆ. ಒಡವೆ ಹೇಗೆ ಕಟ್ಟಲ್ಪಟ್ಟಿದೆ, ಎಲ್ಲಿ ಅರಗು ತುಂಬಿದೆ, ಯಾವ ಕೊಂಡಿಯನ್ನು ಆಮೇಲೆ ಬದಲಿಸಲಾಗಿದೆ ಎಂಬುದನ್ನು ಅವರ ಕಣ್ಣು ಹಿಡಿಯುವಷ್ಟು ಚೆನ್ನಾಗಿ ಯಂತ್ರ ಹಿಡಿಯುವುದಿಲ್ಲ. ನಮ್ಮ ಅಡ್ಡಿಗೆಯಲ್ಲಿ ಅರಗು 5 ಗ್ರಾಂಗಿಂತ ಹೆಚ್ಚಿರಬೇಕೆಂದು, ಹಿಂಬದಿಯ ತಗಡನ್ನು ಉಗುರಿನಿಂದ ತಟ್ಟಿ ಹೇಳಿದವರು ಅಂಥ ಒಬ್ಬ ಹಿರಿಯರು. ಒರೆಗಲ್ಲಿನ ಮೇಲೆ ಉಜ್ಜಿ, ಆಮ್ಲ ಹಾಕಿ, ಶುದ್ಧತೆ ಗೊತ್ತಿರುವ ಕಡ್ಡಿಯ ಗೆರೆಯೊಡನೆ ಬಣ್ಣ ಹೋಲಿಸುವ ಅವರ ವಿಧಾನ ಪಳಗಿದ ಕೈಯಲ್ಲಿ ಸಾಕಷ್ಟು ನಂಬಲರ್ಹವಾದದ್ದು. ಆದರೂ ಅವರ ಮಾತು ಕಾಗದವಾಗುವುದಿಲ್ಲ. ಮನೆಯವರೆಲ್ಲ ಅವರನ್ನು ನಂಬುವಷ್ಟು ದಿನ ಮಾತ್ರ ಅದು ನಡೆಯುತ್ತದೆ.

ಬ್ಯಾಂಕಿನ ಅಪ್ರೈಸರ್

ಬೆಲೆ ತಿಳಿಯಲೆಂದೇ ಸಣ್ಣ ಸಾಲಕ್ಕೆ ಅರ್ಜಿ ಹಾಕುವವರನ್ನು ನಾನು ಕಂಡಿದ್ದೇನೆ. ಇದನ್ನು ನಾನು ಯಾರಿಗೂ ಸೂಚಿಸುವುದಿಲ್ಲ, ಏಕೆಂದರೆ ಅಪ್ರೈಸರ್ ಬ್ಯಾಂಕಿನ ಹಣ ಮುಳುಗದಂತೆ ನೋಡಿಕೊಳ್ಳಲು ನೇಮಕವಾದವರು. ಅವರಿಗೆ ಒಡವೆ ಕೊಳ್ಳುವ ಆಸೆ ಇಲ್ಲ ಎಂಬುದು ದೊಡ್ಡ ಗುಣವೇ. ಆದರೆ ಸಂದೇಹ ಬಂದಲ್ಲೆಲ್ಲ ಕೆಳಗಿನ ಅಂಕಿಯನ್ನೇ ಹಿಡಿಯುವುದು ಅವರ ಕರ್ತವ್ಯದ ಭಾಗ. ಕಲ್ಲು, ಮುತ್ತು, ಹವಳಗಳಿಗೆ ಅವರ ಲೆಕ್ಕದಲ್ಲಿ ಬೆಲೆಯೇ ಇಲ್ಲ. ಅವು ತೂಕದಿಂದ ಕಳೆಯಬೇಕಾದವು ಮಾತ್ರ.

ಸಾಲವೇ ಉದ್ದೇಶವಾಗಿದ್ದರೆ ಮಾತ್ರ ಈಗಿನ ನಿಯಮಗಳು ಸಾಲಗಾರನಿಗೆ ಅನುಕೂಲವಾಗಿವೆ. ರಿಸರ್ವ್ ಬ್ಯಾಂಕು 2025ರ ಜೂನ್‌ನಲ್ಲಿ ಹೊರಡಿಸಿ, 2026ರ ಏಪ್ರಿಲ್ 1ರ ಗಡುವು ಕೊಟ್ಟ ನಿರ್ದೇಶನಗಳ ಪ್ರಕಾರ, ಒಡವೆಯ ಪರೀಕ್ಷೆ ಸಾಲಗಾರನ ಎದುರಿನಲ್ಲಿಯೇ ನಡೆಯಬೇಕು. ಕಲ್ಲು, ಕೊಂಡಿ ಇತ್ಯಾದಿಗಳಿಗೆ ಎಷ್ಟು ಕಳೆಯಲಾಯಿತು ಎಂಬುದನ್ನು ಅವನಿಗೆ ವಿವರಿಸಬೇಕು. ಶುದ್ಧತೆ, ಒಟ್ಟು ತೂಕ, ನಿವ್ವಳ ತೂಕ, ಕಳೆತ, ಮೌಲ್ಯ ಇವೆಲ್ಲ ಇರುವ ಪ್ರಮಾಣಪತ್ರವನ್ನು ಕೊಡಬೇಕು. ದರವನ್ನೂ ಮನಸ್ಸಿಗೆ ಬಂದಂತೆ ಹಿಡಿಯುವಂತಿಲ್ಲ: ಆ ಶುದ್ಧತೆಯ ಚಿನ್ನದ ಹಿಂದಿನ 30 ದಿನಗಳ ಸರಾಸರಿ ದರ ಮತ್ತು ಹಿಂದಿನ ದಿನದ ದರ, ಇವೆರಡರಲ್ಲಿ ಕಡಿಮೆಯದನ್ನು ಹಿಡಿಯಬೇಕು. ಚಿನ್ನ ಏರುತ್ತಿರುವ ತಿಂಗಳಿನಲ್ಲಿ ಬ್ಯಾಂಕಿನ ಮೌಲ್ಯ ಅಂಗಡಿಯ ದರಕ್ಕಿಂತ ಕೆಳಗೇ ಇರಲು ಇದೊಂದೇ ಕಾರಣ ಸಾಕು. ಅದರ ಮೇಲೆ, ಸ್ವಂತ ಖರ್ಚಿಗೆ ತೆಗೆದುಕೊಳ್ಳುವ ಸಾಲವಾದರೆ, 2.5 ಲಕ್ಷದವರೆಗೆ ಮೌಲ್ಯದ 85%, 5 ಲಕ್ಷದವರೆಗೆ 80%, ಅದಕ್ಕೂ ಮೇಲೆ 75% ಎಂಬ ಮಿತಿಗಳಿವೆ. ಆದ್ದರಿಂದ ‘ಬ್ಯಾಂಕಿನವರು ಇಷ್ಟೇ ಕೊಟ್ಟರು’ ಎಂಬುದರಿಂದ ಒಡವೆಯ ಬೆಲೆಯನ್ನು ಊಹಿಸಲು ಹೊರಡುವುದು ತಪ್ಪು ದಾರಿ.

ಹಾಲ್‌ಮಾರ್ಕ್ ಕೇಂದ್ರ

ಹೆಚ್ಚಿನ ಮನೆಗಳಿಗೆ ಸರಿಯಾದ ಮೊದಲ ಹೆಜ್ಜೆ ಇದು ಎಂಬುದು ನನ್ನ ನಂಬಿಕೆ, ಆದರೂ ಜನರಿಗೆ ಅತ್ಯಂತ ಕಡಿಮೆ ಗೊತ್ತಿರುವುದೂ ಇದೇ. ಬಿಐಎಸ್ ಮಾನ್ಯತೆ ಪಡೆದ ಹಾಲ್‌ಮಾರ್ಕ್ ಕೇಂದ್ರಗಳು ಅಂಗಡಿಯವರಿಗೆ ಮಾತ್ರ ಎಂದು ನಾವು ಅಂದುಕೊಂಡಿದ್ದೇವೆ. ವಾಸ್ತವದಲ್ಲಿ ಯಾರು ಬೇಕಾದರೂ ತಮ್ಮ ಮನೆಯ ಹಾಲ್‌ಮಾರ್ಕ್ ಇಲ್ಲದ ಒಡವೆಯನ್ನು ಅಲ್ಲಿ ಪರೀಕ್ಷೆಗೆ ಕೊಟ್ಟು ವರದಿ ಪಡೆಯಬಹುದು. 2023ರಲ್ಲಿ ಸರ್ಕಾರ ಪ್ರಕಟಿಸಿದ ದರದ ಪ್ರಕಾರ ನಾಲ್ಕು ಒಡವೆಗಳವರೆಗೆ ಒಟ್ಟು 200 ರೂಪಾಯಿ, ಐದು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದೊಂದಕ್ಕೆ 45 ರೂಪಾಯಿ. ಮೂರು ಅಂಗಡಿ ಸುತ್ತಲು ಕೊಡುವ ಆಟೋ ಬಾಡಿಗೆಯಷ್ಟೇ ಆಯಿತು. ಕೇಂದ್ರದವರು ಒಡವೆಯನ್ನು ಕೊಳ್ಳುವವರಲ್ಲ, ಸಾಲ ಕೊಡುವವರೂ ಅಲ್ಲ. ನನ್ನ ಮೊದಲ ಅಳತೆಗೋಲಿಗೆ ಇವರಷ್ಟು ಚೆನ್ನಾಗಿ ಹೊಂದುವವರು ಈ ಬೆಲೆಗೆ ಇನ್ನೊಬ್ಬರಿಲ್ಲ. ಮಾನ್ಯತೆ ಪಡೆದ ಕೇಂದ್ರಗಳ ಪಟ್ಟಿ ಬಿಐಎಸ್ ಜಾಲತಾಣದಲ್ಲಿದೆ. ಹೊರಡುವ ಮೊದಲು ಆ ಪಟ್ಟಿಯಲ್ಲಿ ಹೆಸರು ನೋಡಿ, ಫೋನ್ ಮಾಡಿ, ಗ್ರಾಹಕರ ಒಡವೆಗೆ ಯಾವ ಹೊತ್ತು ಅನುಕೂಲ ಎಂದು ಕೇಳಿಕೊಂಡರೆ ದಿನ ಹಾಳಾಗುವುದಿಲ್ಲ.

ಆದರೆ ಅಲ್ಲಿ ಯಾವ ಪರೀಕ್ಷೆ ನಡೆಯುತ್ತದೆ ಎಂಬುದನ್ನು ತಿಳಿದು ಹೋಗಬೇಕು. ಎಕ್ಸ್‌ಆರ್‌ಎಫ್ ಯಂತ್ರ ಕ್ಷ-ಕಿರಣವನ್ನು ಬಿಟ್ಟು ಲೋಹ ಹೊಮ್ಮಿಸುವ ಕಿರಣವನ್ನು ಓದಿ, ಚಿನ್ನ, ಬೆಳ್ಳಿ, ತಾಮ್ರ, ಸತು ಎಷ್ಟೆಷ್ಟಿವೆ ಎಂದು ನಿಮಿಷಗಳಲ್ಲಿ ಹೇಳುತ್ತದೆ. ಒಡವೆಗೆ ಒಂದು ಗೀರೂ ಬೀಳುವುದಿಲ್ಲ. ಅದರ ಮಿತಿಯೆಂದರೆ, ಆ ಕಿರಣ ಚಿನ್ನದಲ್ಲಿ ಮೇಲ್ಮೈಯಿಂದ ಕೆಲವು ಮೈಕ್ರಾನ್‌ಗಳಷ್ಟು ಆಳವನ್ನು ಮಾತ್ರ ನೋಡುತ್ತದೆ. ದಪ್ಪವಾಗಿ ಚಿನ್ನದ ಲೇಪ ಕೊಟ್ಟ ಬೆಳ್ಳಿಯ ಡಾಬು ಅದರ ಮುಂದೆ ಚಿನ್ನವಾಗಿಯೇ ಕಾಣಬಹುದು. ಹಾಗಾಗಿ ಒಂದೇ ಜಾಗದಲ್ಲಿ ಓದಿಸದೆ, ಮುಂಭಾಗ, ಹಿಂಭಾಗ, ಕೊಂಡಿ, ಬೆಸುಗೆಯ ಹತ್ತಿರ, ಹೀಗೆ ನಾಲ್ಕಾರು ಕಡೆ ಓದಿಸಿ ಪ್ರತಿಯೊಂದನ್ನೂ ಬರೆಸಿಕೊಳ್ಳಬೇಕು. ನಮ್ಮ ಅಡ್ಡಿಗೆ ಮುಂಭಾಗದಲ್ಲಿ 83ಕ್ಕೆ ಸ್ವಲ್ಪ ಮೇಲೆ, ಬೆಸುಗೆಯ ಬಳಿ 78 ತೋರಿಸಿತು. ಹಳೆಯ ಒಡವೆಗಳಲ್ಲಿ ಬೆಸುಗೆಗೆ ಕಡಿಮೆ ಶುದ್ಧತೆಯ ಲೋಹ ಬಳಸುತ್ತಿದ್ದುದರಿಂದ ಇಂಥ ಅಂತರ ಸಹಜ. 80 ಎಂದವರೂ 86 ಎಂದವರೂ ಹೇಗೆ ತಮ್ಮ ತಮ್ಮ ಕಡೆಗೆ ಎಳೆದಿದ್ದರು ಎಂಬುದು ನಮಗೆ ಆಗ ಸ್ಪಷ್ಟವಾಯಿತು.

ಇದಕ್ಕಿಂತ ನಿಖರವಾದದ್ದು ಬೆಂಕಿಯ ಪರೀಕ್ಷೆ. ಒಡವೆಯಿಂದ ಕೆರೆದು ಅಥವಾ ಕತ್ತರಿಸಿ ತೆಗೆದ ಚೂರನ್ನು ತೂಗಿ, ಸೀಸ ಮತ್ತು ಬೆಳ್ಳಿಯ ಜೊತೆ ಮೂಸೆಯಲ್ಲಿ ಕರಗಿಸಿ ಕೀಳು ಲೋಹಗಳನ್ನು ಬೇರ್ಪಡಿಸುತ್ತಾರೆ. ಆಮೇಲೆ ನೈಟ್ರಿಕ್ ಆಮ್ಲದಲ್ಲಿ ಬೆಳ್ಳಿಯನ್ನು ಕರಗಿಸಿ, ಉಳಿದ ಚಿನ್ನವನ್ನು ತೂಗುತ್ತಾರೆ. ಕಾಸಿನ ಸರದಂಥ ಗಟ್ಟಿ ಒಡವೆಯಲ್ಲಿ ಕಾಣದ ಕಡೆ ಸ್ವಲ್ಪ ತೆಗೆದರೆ ನಷ್ಟವಿಲ್ಲ. ಅಜ್ಜಿಯ ಬುಗುಡಿಗೆ ಇದನ್ನು ಮಾಡಿಸಲು ನಾನು ಎಂದೂ ಒಪ್ಪುವುದಿಲ್ಲ. ಯಾರಾದರೂ ‘ಕರಗಿಸಿದರೆ ಮಾತ್ರ ಸರಿಯಾಗಿ ಗೊತ್ತಾಗುತ್ತದೆ’ ಎಂದರೆ, ಮಾರುವುದು ನಿಶ್ಚಯವಾಗುವವರೆಗೆ ಒಡವೆಯನ್ನು ಕೈಬಿಡಬೇಡಿ. ಕರಗಿದ ಮೇಲೆ ಕುಸುರಿಯ ಬೆಲೆಯೂ ನಿರ್ಧಾರ ಬದಲಿಸುವ ಸ್ವಾತಂತ್ರ್ಯವೂ ಒಟ್ಟಿಗೆ ಹೋಗುತ್ತವೆ.

ಇಲ್ಲಿನ ವರದಿ ಶುದ್ಧತೆಯದು, ಬೆಲೆಯದಲ್ಲ. ನಿವ್ವಳ ತೂಕ ಮತ್ತು ಆ ದಿನದ ದರದಿಂದ ಗುಣಿಸುವ ಕೆಲಸ ನಿಮ್ಮದೇ. ಹಾಲ್‌ಮಾರ್ಕ್ ಇದ್ದೂ ಶುದ್ಧತೆ ಕಡಿಮೆ ಎಂದು ಪರೀಕ್ಷೆಯಲ್ಲಿ ತೇಲಿದರೆ, 2018ರ ಬಿಐಎಸ್ ನಿಯಮಗಳ ಪ್ರಕಾರ ಕೊಂಡವರಿಗೆ ಆ ಕೊರತೆಯ ಮೊತ್ತದ ಎರಡರಷ್ಟು ಪರಿಹಾರವೂ ಪರೀಕ್ಷೆಯ ಶುಲ್ಕವೂ ಸಲ್ಲಬೇಕು. ಬಿಲ್ಲನ್ನು ಎಸೆಯದೆ ಇಟ್ಟುಕೊಂಡವರಿಗೆ ಈ ದಾರಿ ತೆರೆದಿರುತ್ತದೆ.

ಈ ಸಂದರ್ಭದಲ್ಲಿ ಕೋಲಾರದ ಕಡೆಯ ನೆಂಟರಿಂದ ಕೇಳುವ ಒಂದು ಮಾತನ್ನು ಹೇಳಬೇಕು. ‘ಇದು ಕೆಜಿಎಫ್ ಗಣಿಯ ಚಿನ್ನ, ಆದ್ದರಿಂದ ಇದಕ್ಕೆ ಹೆಚ್ಚು ಬೆಲೆ’ ಎಂಬ ಅಭಿಮಾನ ಆ ಮನೆಗಳಲ್ಲಿದೆ. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ಆ ಅಭಿಮಾನ ಇನ್ನಷ್ಟು ಬೆಳೆದಿರುವುದು ನನಗೆ ಅರ್ಥವಾಗುತ್ತದೆ. ಆದರೆ ಮೇಲೆ ಹೇಳಿದ ಯಾವ ಪರೀಕ್ಷೆಯೂ ಚಿನ್ನ ಎಲ್ಲಿಂದ ಬಂದಿತೆಂದು ಹೇಳುವುದಿಲ್ಲ, ಮತ್ತು ಲಿಖಿತ ದಾಖಲೆ ಇಲ್ಲದೆ ಆ ಕಾರಣಕ್ಕೆ ಯಾವ ಮೌಲ್ಯಮಾಪಕನೂ ಹೆಚ್ಚು ಬರೆಯುವುದಿಲ್ಲ.

ನೋಂದಾಯಿತ ಮೌಲ್ಯಮಾಪಕ

1957ರ ಸಂಪತ್ತು ತೆರಿಗೆ ಕಾಯ್ದೆಯ 34ಎಬಿ ವಿಧಿಯಡಿ ಒಡವೆಗಳ ಮೌಲ್ಯಮಾಪಕರಾಗಿ ನೋಂದಾಯಿಸಿಕೊಂಡವರಿದ್ದಾರೆ. ಸಂಪತ್ತು ತೆರಿಗೆಯನ್ನು 2015ರ ಬಜೆಟ್‌ನಲ್ಲಿ ಕೈಬಿಟ್ಟರೂ, ಇವರ ವರದಿಗೆ ಆದಾಯ ತೆರಿಗೆಯ ವಿಷಯದಲ್ಲಿ ಬೆಲೆ ಉಳಿದುಕೊಂಡಿತು. ಬೇರೆಯವರಿಗೂ ಇವರಿಗೂ ಇರುವ ವ್ಯತ್ಯಾಸವೆಂದರೆ, ಇವರು ಯಾವ ಉದ್ದೇಶಕ್ಕೆ, ಯಾವ ದಿನಾಂಕಕ್ಕೆ, ಯಾವ ಆಧಾರದ ಮೇಲೆ ಬೆಲೆ ಕಟ್ಟಿದೆನೆಂದು ಬರೆದು ಸಹಿ ಹಾಕುತ್ತಾರೆ. ಆ ಸಹಿಗೆ ಉತ್ತರ ಹೇಳಬೇಕಾದ ಹೊಣೆ ಅವರದು. ಇವರಲ್ಲಿ ಕೆಲವರು ಸ್ವತಃ ಒಡವೆ ವ್ಯಾಪಾರವನ್ನೂ ಮಾಡುವವರಾಗಿರುವುದರಿಂದ, ‘ನೀವು ಇದನ್ನು ಕೊಳ್ಳುತ್ತೀರಾ’ ಎಂದು ಮೊದಲೇ ಕೇಳಿ, ಕೊಳ್ಳುತ್ತೇನೆ ಎಂದವರ ಕೈಯಲ್ಲಿ ಬೆಲೆ ಕಟ್ಟಿಸದಿರುವುದು ಒಳ್ಳೆಯದು. ಶುಲ್ಕವನ್ನು ಒಡವೆ ಬಿಚ್ಚುವ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಇವರ ಅಗತ್ಯ ಖಚಿತವಾಗಿ ಬೀಳುವ ಒಂದು ಸಂದರ್ಭ ಹೀಗಿದೆ. 2001ರ ಏಪ್ರಿಲ್ 1ಕ್ಕೆ ಮೊದಲು ಕೊಂಡ ಒಡವೆಯನ್ನು, ಅದು ಪಿತ್ರಾರ್ಜಿತವಾಗಿ ಬಂದದ್ದಾದರೂ, ಈಗ ಮಾರಿದರೆ, ಲಾಭದ ಲೆಕ್ಕದಲ್ಲಿ ಅಂದಿನ ನ್ಯಾಯಯುತ ಮಾರುಕಟ್ಟೆ ಮೌಲ್ಯವನ್ನು ಅಸಲು ಎಂದು ಹಿಡಿಯುವ ಆಯ್ಕೆಯಿದೆ. 2024ರ ಜುಲೈ 23ರ ಬಳಿಕದ ಮಾರಾಟಕ್ಕೆ ದೀರ್ಘಾವಧಿ ಲಾಭದ ಮೇಲೆ 12.5% ತೆರಿಗೆ, ಬೆಲೆಯೇರಿಕೆ ಸೂಚ್ಯಂಕದ ರಿಯಾಯಿತಿ ಇಲ್ಲ. ಅಜ್ಜ 1960ರ ದಶಕದಲ್ಲಿ ಕೊಂಡದ್ದಕ್ಕೆ ಬಿಲ್ಲು ಎಲ್ಲಿಂದ ಬರಬೇಕು? 2001ರ ಮೌಲ್ಯವನ್ನು ನೋಂದಾಯಿತ ಮೌಲ್ಯಮಾಪಕರಿಂದ ಬರೆಸಿದ ವರದಿಯೇ ಆಗ ಕೈಹಿಡಿಯುವುದು. ದೊಡ್ಡ ಮೊತ್ತದ ಮಾರಾಟವಾದರೆ ಮಾರುವ ಮೊದಲೇ ಇದನ್ನು ಮಾಡಿಸಬೇಕು, ಏಕೆಂದರೆ ಅಂಗಡಿಯವರು ಕರಗಿಸಿದ ಮೇಲೆ ಮೌಲ್ಯಮಾಪಕರಿಗೆ ನೋಡಲು ಏನೂ ಉಳಿಯುವುದಿಲ್ಲ.

ವಿಮೆಯೂ ಇಂಥದ್ದೇ. ಬ್ಯಾಂಕಿನ ಲಾಕರ್‌ನಲ್ಲಿದ್ದರೆ ಸುರಕ್ಷಿತ ಎಂದು ನಾವು ನಿಶ್ಚಿಂತೆಯಿಂದಿರುತ್ತೇವೆ. 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ, ಬೆಂಕಿ, ಕಳವು, ಸಿಬ್ಬಂದಿಯ ವಂಚನೆಯಂಥ ಸಂದರ್ಭಗಳಲ್ಲಿ ಬ್ಯಾಂಕಿನ ಹೊಣೆ ಲಾಕರ್‌ನ ವಾರ್ಷಿಕ ಬಾಡಿಗೆಯ 100 ಪಟ್ಟಿಗೆ ಸೀಮಿತ. ಬಾಡಿಗೆ 2,000 ರೂಪಾಯಿಯಾದರೆ 2 ಲಕ್ಷ. ಲಾಕರ್‌ನಲ್ಲಿ ಅದಕ್ಕಿಂತ ಹೆಚ್ಚಿನದಿದ್ದು ವಿಮೆ ಮಾಡಿಸುವುದಾದರೆ, ಪ್ರತಿ ಒಡವೆಯ ಚಿತ್ರ, ತೂಕ, ಶುದ್ಧತೆ, ಮತ್ತೆ ಮಾಡಿಸುವ ವೆಚ್ಚ ಇರುವ ವರದಿ ಬೇಕು, ಮತ್ತು ಚಿನ್ನದ ದರ ಓಡುತ್ತಿರುವ ಈ ಕಾಲದಲ್ಲಿ ಅದನ್ನು ಎರಡು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಯಾರ ವರದಿಯನ್ನು ಒಪ್ಪುತ್ತೀರಿ ಎಂದು ವಿಮಾ ಕಂಪನಿಯನ್ನೇ ಮೊದಲು ಕೇಳಿ.

ಕಲ್ಲುಗಳಿಗೆ ಪ್ರಯೋಗಾಲಯ

ಚಿನ್ನಕ್ಕೆ ಸಂಬಂಧಿಸಿದ ಎಲ್ಲ ಕೆಲಸವೂ ತುಮಕೂರಿನ ಆಸುಪಾಸಿನಲ್ಲಿ ಮುಗಿಯಬಹುದು, ಆದರೆ ಬೆಲೆಬಾಳುವ ಕಲ್ಲಿಗೆ ಬೆಂಗಳೂರಿನ ದಾರಿ ಹಿಡಿಯಬೇಕಾಗುತ್ತದೆ. ಹೋಗುವ ಮೊದಲು ಕಲ್ಲು ಆ ಖರ್ಚಿಗೆ ತಕ್ಕದ್ದೇ ಎಂದು ಯೋಚಿಸಬೇಕು. ಅಂಗಡಿಗಳಲ್ಲಿ ಬಳಸುವ ಪೆನ್ನಿನಂಥ ಸಾಧನ ಕಲ್ಲು ಶಾಖವನ್ನು ಎಷ್ಟು ಬೇಗ ಒಯ್ಯುತ್ತದೆ ಎಂಬುದನ್ನು ಮಾತ್ರ ನೋಡುತ್ತದೆ. ಅಮೆರಿಕನ್ ಡೈಮಂಡ್ ಎಂದು ಕರೆಯುವ ಜಿರ್ಕೋನಿಯಾವನ್ನು ಅದು ಹಿಡಿದುಹಾಕುತ್ತದೆ, ಆದರೆ ವಜ್ರದಂತೆಯೇ ಕಾಣುವ ಮೊಯ್ಸನೈಟ್ ಎಂಬ ಕಲ್ಲು ಅದರ ಕಣ್ಣು ತಪ್ಪಿಸಬಹುದು. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವಂತೂ ರಾಸಾಯನಿಕವಾಗಿ ವಜ್ರವೇ ಆದ್ದರಿಂದ ಅದನ್ನು ಗಣಿಯ ವಜ್ರದಿಂದ ಬೇರ್ಪಡಿಸುವುದು ಅಂಥ ಪೆನ್ನಿನ ಕೆಲಸವೇ ಅಲ್ಲ.

ಹಳೆಯ ಕೆಂಪು ಕಲ್ಲಿನ ವಿಷಯದಲ್ಲಿ ನಮ್ಮ ಮನೆಗೆ ಆದ ನಿರಾಶೆ ಬೇರೆಯವರಿಗೆ ಆಗದಿರಲಿ ಎಂದು ಇದನ್ನು ವಿವರವಾಗಿ ಹೇಳುತ್ತೇನೆ. ‘ನೂರು ವರ್ಷದ ಹಳೆಯ ಒಡವೆ, ಕಲ್ಲುಗಳು ಬರ್ಮಾ ಕೆಂಪೇ ಇರಬೇಕು’ ಎಂದು ಅಕ್ಕ ನಂಬಿದ್ದಳು. ಆದರೆ ಪುಡಿಯನ್ನು ಜ್ವಾಲೆಯಲ್ಲಿ ಕರಗಿಸಿ ಕೃತಕ ಮಾಣಿಕ್ಯ ಬೆಳೆಸುವ ವಿಧಾನವನ್ನು ಫ್ರಾನ್ಸಿನ ವೆರ್ನೊಯ್ 1902ರಲ್ಲಿಯೇ ಪ್ರಕಟಿಸಿದ್ದ, ಮತ್ತು ಅಲ್ಲಿಂದೀಚೆಗೆ ಅಂಥ ಕಲ್ಲುಗಳು ಜಗತ್ತಿನ ಮಾರುಕಟ್ಟೆಗಳಿಗೆಲ್ಲ ಹರಿದು ಬಂದವು. ಹಳೆಯದು ಎಂಬ ಒಂದೇ ಕಾರಣಕ್ಕೆ ಕಲ್ಲು ಸಹಜವಾದದ್ದು ಎನ್ನಲಾಗದು. ಸೂಕ್ಷ್ಮದರ್ಶಕದಲ್ಲಿ ಬಾಗಿದ ಗೆರೆಗಳು, ಗಾಳಿಯ ಗುಳ್ಳೆಗಳು ಕಂಡರೆ ಅದು ಜ್ವಾಲೆಯಲ್ಲಿ ಬೆಳೆದ ಕಲ್ಲು. ನಮ್ಮ ಅಡ್ಡಿಗೆಯ ಕಲ್ಲುಗಳಲ್ಲಿ ಆ ಗೆರೆಗಳಿದ್ದವು. ಮುತ್ತಿನ ಮಾತೂ ಹೀಗೆಯೇ. ಸಹಜ ಮುತ್ತನ್ನು ಕೃಷಿಯ ಮುತ್ತಿನಿಂದ ಖಚಿತವಾಗಿ ಬೇರ್ಪಡಿಸಲು ಕ್ಷ-ಕಿರಣದ ಪರೀಕ್ಷೆ ಬೇಕು.

ವಜ್ರಕ್ಕೆ ಐಜಿಐ, ಜಿಐಎಯಂಥ ಸಂಸ್ಥೆಗಳು ಕೊಡುವ ವರದಿ ತೂಕ, ಬಣ್ಣ, ಸ್ವಚ್ಛತೆ, ಕೆತ್ತನೆ ಇವುಗಳ ದರ್ಜೆಯನ್ನು ಹೇಳುತ್ತದೆ, ಬೆಲೆಯನ್ನು ಹೇಳುವುದಿಲ್ಲ. ಒಡವೆಯಲ್ಲಿ ಕೂರಿಸಿದ ಕಲ್ಲಿಗೆ ದರ್ಜೆಯನ್ನು ಇಂತಿಷ್ಟರ ಒಳಗೆ ಎಂದು ಅಂದಾಜಾಗಿ ಮಾತ್ರ ಕೊಡಲು ಸಾಧ್ಯ, ಹಿಂಬದಿ ಮುಚ್ಚಿದ ಹಳೆಯ ಕಟ್ಟಿನಲ್ಲಿದ್ದರೆ ಅದೂ ಕಷ್ಟ. ಬಿಚ್ಚಿ ನೋಡಿಸುವುದಾದರೆ ಮತ್ತೆ ಕೂರಿಸುವವರ ಕೈ ಗಟ್ಟಿಯಾಗಿರಬೇಕು.

ಯಾರಿಗೆ ಯಾವುದು

ಹಣದ ತುರ್ತಿಗೆ ಮಾರುವವರು ಹಾಲ್‌ಮಾರ್ಕ್ ಕೇಂದ್ರದ ವರದಿಯನ್ನು ಕೈಯಲ್ಲಿಟ್ಟುಕೊಂಡು ಎರಡು ಮೂರು ಅಂಗಡಿಗೆ ಹೋಗಲಿ. 200 ರೂಪಾಯಿಯ ಆ ಕಾಗದ ಮೇಜಿನ ಮೇಲಿದ್ದರೆ 83ನ್ನು 80 ಎನ್ನುವ ಧೈರ್ಯ ಸುಲಭವಾಗಿ ಬರುವುದಿಲ್ಲ, ಉಳಿಯುವ ಚರ್ಚೆ ಕಲ್ಲಿನ ಕಳೆತದ್ದು ಮಾತ್ರ. ಸಾಲಕ್ಕೆ ಹೋಗುವವರಿಗೆ ಬೇರೆ ಮೌಲ್ಯಮಾಪನದ ಖರ್ಚು ಬೇಡ. ಬ್ಯಾಂಕು ತನ್ನ ಅಪ್ರೈಸರ್‌ನನ್ನೇ ನಂಬುತ್ತದೆ, ನೀವು ಎದುರಿಗೆ ಕುಳಿತು ಪ್ರಮಾಣಪತ್ರ ಕೇಳಿ ಪಡೆದರೆ ಸಾಕು. ತೆರಿಗೆ, ವಿಮೆ, ನ್ಯಾಯಾಲಯದ ವ್ಯಾಜ್ಯ ಇವುಗಳಿಗೆ ನೋಂದಾಯಿತ ಮೌಲ್ಯಮಾಪಕರ ಹೊರತು ಬೇರೆಯವರ ಬಳಿ ಹೋಗಿ ಹಣ ಉಳಿಸಲು ನೋಡಬೇಡಿ.

ಪಾವಗಡದಿಂದ ಕೇಳಿದವರೊಬ್ಬರ ಬಳಿ ಇರುವುದು ಒಂದು ಜೊತೆ ಏಳು ಕಲ್ಲಿನ ವಜ್ರದ ಓಲೆ. ಒಂದೊಂದು ಕಲ್ಲೂ (100 ಸೆಂಟ್ಸ್ ಎಂದರೆ ಒಂದು ಕ್ಯಾರೆಟ್ ತೂಕ) 5 ಸೆಂಟ್ಸ್‌ಗಿಂತ ಚಿಕ್ಕದಾದರೆ ಪ್ರಯೋಗಾಲಯದ ಖರ್ಚು ಅನಗತ್ಯ, ಪಳಗಿದ ವಜ್ರದ ವ್ಯಾಪಾರಿಗಳಿಬ್ಬರಿಗೆ ಬೇರೆ ಬೇರೆಯಾಗಿ ತೋರಿಸಿದರೆ ಸಾಕು. ಮಧ್ಯದ ಕಲ್ಲು 20, 25 ಸೆಂಟ್ಸ್ ಇದ್ದರೆ, ಅಥವಾ ಅದನ್ನು ಮಗಳ ಹೆಸರಿಗೆ ಬರೆಯುವುದಿದ್ದರೆ, ಬೆಂಗಳೂರಿಗೆ ಹೋಗಿ ಬರುವುದು ಸಾರ್ಥಕ.

ಭಾಗದ ಒಡವೆಗೆ ಮಾತ್ರ ನನ್ನ ಸಲಹೆ ಸ್ವಲ್ಪ ಕಟ್ಟುನಿಟ್ಟಾದದ್ದು. ಎಲ್ಲ ಪಾಲುದಾರರೂ ಒಟ್ಟಿಗೆ ಹೋಗಬೇಕು. ಎಲ್ಲ ಒಡವೆಗಳನ್ನೂ ಒಂದೇ ದಿನ, ಒಬ್ಬರೇ ಮೌಲ್ಯಮಾಪಕರಿಗೆ, ಒಂದೇ ದರಕ್ಕೆ ಕೊಡಬೇಕು. ಒಂದನ್ನು ಇಲ್ಲಿ, ಇನ್ನೊಂದನ್ನು ಅಲ್ಲಿ ಕೊಟ್ಟರೆ ಅಂಕಿಗಳು ಎಷ್ಟೇ ಸರಿಯಿದ್ದರೂ ಮನಸ್ಸುಗಳು ಸರಿಹೋಗುವುದಿಲ್ಲ. ನಾವು ಕೊನೆಗೆ ಹಾಗೆಯೇ ಮಾಡಿದೆವು. ಹಾಲ್‌ಮಾರ್ಕ್ ಕೇಂದ್ರದ ಓದುಗಳನ್ನು ಆಧಾರವಾಗಿಟ್ಟು, ಅರಗು ಮತ್ತು ಕಲ್ಲಿಗೆ 6.6 ಗ್ರಾಂ ಎಂದು ಮೌಲ್ಯಮಾಪಕರು ನಮ್ಮೆದುರೇ ಲೆಕ್ಕ ತೋರಿಸಿ, ಅಡ್ಡಿಗೆಯ ನಿವ್ವಳ ತೂಕವನ್ನು 42 ಗ್ರಾಂ ಎಂದು ಬರೆದರು. ಕಲ್ಲು ಕೃತಕವೆಂದು ತಿಳಿದ ಮೇಲೂ ಅಕ್ಕ ಅದನ್ನೇ ತನ್ನ ಪಾಲಿಗೆ ತೆಗೆದುಕೊಂಡಳು. ವ್ಯತ್ಯಾಸದ ಹಣವನ್ನು ವರದಿಯಲ್ಲಿದ್ದ ಅಂಕಿಯಂತೆ ನಮ್ಮಿಬ್ಬರಿಗೆ ಕೊಟ್ಟಳು.

ಹೋಗುವ ದಿನ ಜೊತೆಗಿರಬೇಕಾದವು: ಹಳೆಯ ಬಿಲ್ಲುಗಳು, ಗುರುತಿನ ಚೀಟಿ, ಪ್ರತಿ ಒಡವೆಯ ಎರಡೂ ಬದಿಯ ಚಿತ್ರ, ಮನೆಯಲ್ಲಿಯೇ ಬರೆದಿಟ್ಟ ಪಟ್ಟಿ, ಮತ್ತು ನಂಬಿಕೆಯ ಇನ್ನೊಬ್ಬರು. ತೂಗುವಾಗ ಫ್ಯಾನ್ ನಿಲ್ಲಿಸಲು ಹೇಳಿ. ತಕ್ಕಡಿಯ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇದೆಯೇ ನೋಡಿ. ಒಡವೆಯನ್ನು ಒಳಕೋಣೆಗೆ ಒಯ್ಯುವುದಾದರೆ ಒಯ್ಯುವ ಮೊದಲಿನ ತೂಕವನ್ನೂ ತಂದ ಮೇಲಿನ ತೂಕವನ್ನೂ ಬರೆಸಿಕೊಳ್ಳಿ. ವರದಿಯ ಒಂದು ಪ್ರತಿ ಒಡವೆಯ ಜೊತೆ ಲಾಕರ್‌ನಲ್ಲಿರಲಿ, ಇನ್ನೊಂದು ಬೇರೆ ಕಡೆ ಇರಲಿ.